ತಣಿಗೆಯಲ್ಲಿ ಉಳಿದ ತುತ್ತು

ಮೊದಲು ಉರಿದದ್ದು ನಿಂಬೆಕಾಯಿ ಉಪ್ಪಿನಕಾಯಿಗೆ.

ನಮ್ಮ ಯಜಮಾನರು ಊಟದ ನಡುವೆ ಕೈ ನಿಲ್ಲಿಸಿ ಎಡಗೆನ್ನೆ ಹಿಡಿದುಕೊಂಡರು. "ಖಾರ ಜಾಸ್ತಿ ಆಗೈತೆ ಕಣೇ ಗಿರಿಜಾ," ಎಂದರು. ಖಾರ ಎಂದಿನಷ್ಟೇ ಇತ್ತು. ನನಗೆ ಸಿಟ್ಟು ಬಂತು. "ಇಪ್ಪತ್ತೆಂಟು ವರ್ಷದಿಂದ ಇದೇ ಕೈ, ಇದೇ ಖಾರ. ಇವತ್ತು ಜಾಸ್ತಿ ಆಯ್ತಾ?" ಎಂದು ಗೊಣಗಿದೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎಡಗೆನ್ನೆ ಅವರ ಹೊಗೆಸೊಪ್ಪಿನ ಜಾಗ. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ಮಂಡಿ. ಕಣಕಟ್ಟೆ ಕಡೆಯ ತೋಟಗಳ ಕೊಬ್ಬರಿ ನಮ್ಮ ತಕ್ಕಡಿ ಏರಿಯೇ ರೈಲಿಗೆ ಹೋಗುವುದು. ವ್ಯಾಪಾರ ಎಂದರೆ ಬಾಯಿ, ಬಾಯಿ ಎಂದರೆ ಎಲೆ ಅಡಿಕೆ. ಬಂದವರಿಗೆ ತಟ್ಟೆ ಮುಂದಿಟ್ಟು ತಾವೂ ಒಂದು ಪಟ್ಟು ಹಾಕಿ, ಜೊತೆಗೆ ಚಿಟಿಕೆ ಹೊಗೆಸೊಪ್ಪು ಕೆನ್ನೆಗೆ ಒತ್ತಿಕೊಂಡರೆ ಮಧ್ಯಾಹ್ನದವರೆಗೆ ಅದು ಅಲ್ಲೇ. ಹುಣ್ಣು ಅಲ್ಲೇ ಎದ್ದಿತ್ತು. ತುಪ್ಪ ಸವರಿದೆವು, ಜೇನು ಸವರಿದೆವು, ಜಾಜಿ ಎಲೆ ಅಗಿಸಿದೆವು. ಎರಡು ತಿಂಗಳು ಹೋಯಿತು.

ನಮ್ಮೂರಿನ ಡಾಕ್ಟರು ಟಾರ್ಚ್ ಹಾಕಿ ಬಾಯೊಳಗೆ ನೋಡಿದರು. ಬೆರಳಿನಿಂದ ಕುತ್ತಿಗೆಯ ಎಡಭಾಗ ಒತ್ತಿದರು. ಅಲ್ಲೊಂದು ಗಂಟಿತ್ತು. ನಾನು ಅದುವರೆಗೆ ಗಮನಿಸಿಯೇ ಇರಲಿಲ್ಲ.

"ಬೆಂಗಳೂರಿಗೆ ಹೋಗಿ. ಈ ವಾರವೇ ಹೋಗಿ," ಎಂದರು.

ಬೆಂಗಳೂರಿನಲ್ಲಿ ಚೂರು ಕತ್ತರಿಸಿ ಪರೀಕ್ಷೆ ಮಾಡಿದರು.

ಕ್ಯಾನ್ಸರ್.

ಆ ಪದವನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಕೇಳಿದ ಮೇಲೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ. ಹೇಳಿದವರ ಮುಖವೇ ಹೇಳುತ್ತಿತ್ತು. ಯಜಮಾನರು ಮಾತ್ರ ಕೊಬ್ಬರಿ ದರ ಕೇಳಿದಷ್ಟೇ ನೆಮ್ಮದಿಯಿಂದ, "ಇದಕ್ಕೆ ಏನು ಮಾಡ್ತೀರಿ ಸ್ವಾಮಿ?" ಎಂದು ವಿಚಾರಿಸಿದರು. ಮೊದಲು ಕೆನ್ನೆಗೆ ರೇಡಿಯಂ ಸೂಜಿ. ಆಮೇಲೆ ಆರು ವಾರ ಮನೆಯಲ್ಲಿ ವಿಶ್ರಾಂತಿ, ಬಾಯಿ ಮಾಯಲಿಕ್ಕೆ. ಆಮೇಲೆ ಮತ್ತೆ ಬಂದು ಕುತ್ತಿಗೆಯ ಗಂಟಿಗೆ ಡೀಪ್ ಎಕ್ಸ್‌ರೇ. ಎರಡೂ ಆದರೇ ಚಿಕಿತ್ಸೆ, ಒಂದೇ ಆದರೆ ಅರ್ಧಕ್ಕೆ ಬಿಟ್ಟ ಹಾಗೆ ಎಂದರು ಡಾಕ್ಟರು.

ರೇಡಿಯಂ ಸೂಜಿಗಳನ್ನು ಕೆನ್ನೆಗೆ ಚುಚ್ಚಿ ಒಂದು ವಾರ ಬಿಟ್ಟರು. ಆ ವಾರದ ಬಗ್ಗೆ ಹೆಚ್ಚು ಬರೆಯಲಾರೆ. ನನ್ನನ್ನು ಹತ್ತಿರ ಕೂರಲು ಬಿಡುತ್ತಿರಲಿಲ್ಲ. ದೂರದಿಂದ ಕೈ ಎತ್ತುತ್ತಿದ್ದೆ. ಅವರೂ ಎತ್ತುತ್ತಿದ್ದರು. ಸೇರುವಾಗ ನೂರಾ ಮೂವತ್ತು ಪೌಂಡ್ ಇದ್ದವರು ಹೊರಡುವಾಗ ನೂರಾ ಹದಿನೈದು ಆಗಿದ್ದರು.

ಹೊರಡುವ ದಿನ ಡಾಕ್ಟರು ನನ್ನನ್ನು ಕರೆದು ಹೇಳಿದರು: "ಅಮ್ಮಾ, ರೋಗ ನಾವು ನೋಡ್ಕೋತೀವಿ. ತೂಕ ನೀವು ನೋಡ್ಕೊಳ್ಳಿ. ನೂರಾ ಐದಕ್ಕಿಂತ ಕೆಳಗೆ ಇಳಿದರೆ ಎಕ್ಸ್‌ರೇ ಕೊಡೋಕೆ ಆಗಲ್ಲ. ಮೈ ತಡೆಯೋದಿಲ್ಲ."

ರೈಲಿನಲ್ಲಿ ಯಜಮಾನರು ಅದನ್ನು ನಮ್ಮ ತೂಕಕ್ಕೆ ತಿರುಗಿಸಿ ಹೇಳಿದರು. ಇಪ್ಪತ್ತೈದು ಪೌಂಡಿಗೆ ಒಂದು ಮಣ, ಮಣಕ್ಕೆ ನಲವತ್ತು ಸೇರು. ನೂರಾ ಐದು ಎಂದರೆ ನಾಲ್ಕು ಮಣ ಎಂಟು ಸೇರು. ಅಷ್ಟನ್ನು ಉಳಿಸಿಕೊಳ್ಳಬೇಕು. ಮೂಟೆ ಮೂಟೆ ಕೊಬ್ಬರಿ ತೂಗುವ ಮನೆ ನಮ್ಮದು, ಇದೇನು ಮಹಾ ಎಂದುಕೊಂಡೆ.

ಮನೆಗೆ ಬಂದ ಮೇಲೆ ಬಾಯಿ ಸುಟ್ಟ ಹುಣ್ಣಾಯಿತು. ಕೆನ್ನೆಯ ಒಳಗೆಲ್ಲ ಬಿಳಿ ಪೊರೆ. ಎಂಜಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಉಪ್ಪು ಹಾಕಿದರೆ ಉರಿ, ಹಾಕದಿದ್ದರೆ ಮಣ್ಣು ತಿಂದ ಹಾಗೆ. ಯಜಮಾನರ ಅಕ್ಕ ಬಸಮ್ಮನವರು ಹುಲಿಕೆರೆಯಿಂದ ಬಂದು ಜೊತೆಗೆ ನಿಂತರು. ನಾನೂ ಅವರನ್ನು ಬಸಕ್ಕ ಎಂದೇ ಕರೆಯುವುದು. ಒಳ್ಳೆಯವರು, ಆದರೆ ಅವರಿಗೆ ಗೊತ್ತಿಲ್ಲದ್ದು ಅಂತ ಲೋಕದಲ್ಲಿ ಏನೂ ಇಲ್ಲ. "ರೇಡಿಯಂ ಅಂದ್ರೆ ಬೆಂಕಿ ಕಣೇ. ಮೈಯೆಲ್ಲ ಉಷ್ಣ ಆಗೈತೆ. ತಂಪು ಕೊಡು," ಎಂದರು. ತಂಪು ಕೊಟ್ಟೆ. ನೀರು ಮಜ್ಜಿಗೆ, ಎಳನೀರು, ತೆಳ್ಳನೆ ಸಬ್ಬಕ್ಕಿ ಗಂಜಿ. ತುಪ್ಪ ಬೇಡ, ಕಾಯಿ ಬೇಡ, ಅವೆಲ್ಲ ಪಿತ್ತ. ನನಗೂ ಅದೇ ಸರಿ ಅನ್ನಿಸಿತು.

ಮಂಡಿಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗೋಣ ಎಂದೆ. ಬಸಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಜೀವ ಇರೋ ಮನುಷ್ಯನ್ನ ಕೊಬ್ಬರಿ ಥರ ತೂಗ್ತೀಯೇನೆ? ದೃಷ್ಟಿ ಆಗ್ತದೆ. ತೂಗಿದಷ್ಟೂ ಇಳೀತಾರೆ." ಅವರ ಮಾತು ನಂಬಿದೆನೋ, ತೂಗಿ ನೋಡಲು ನನಗೇ ಹೆದರಿಕೆಯಿತ್ತೋ, ತಿಳಿಯದು. ತೂಗಲಿಲ್ಲ.

ಅದರ ಬದಲು ತಟ್ಟೆ ನೋಡುತ್ತಿದ್ದೆ.

ನಮ್ಮಲ್ಲಿ ಲಿಂಗಕ್ಕೆ ತೋರಿಸಿದ ಮೇಲೆ ಅನ್ನ ಪ್ರಸಾದವಾಗುತ್ತದೆ. ಪ್ರಸಾದವನ್ನು ಬಿಡುವಂತಿಲ್ಲ. ಒಂದು ಅಗುಳು ಉಳಿಯಬಾರದು. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿಯಬೇಕು. ಇದರಲ್ಲಿ ನಮ್ಮ ಯಜಮಾನರಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಮದುವೆ ಮನೆಗಳಲ್ಲಿ ಎಂಜಲೆಲೆಯಲ್ಲಿ ಹೋಳಿಗೆ ಬಿಟ್ಟವರನ್ನು ಕಂಡರೆ ಆ ದಿನವೆಲ್ಲ ಮುಖ ಗಂಟು ಹಾಕಿಕೊಂಡಿರುತ್ತಿದ್ದರು.

ಈಗ ಬಾಯಿ ಹುಣ್ಣಾಗಿ ಉಣ್ಣಲಾಗದೆ ಅವರು ಮಾಡಿದ್ದು ಇಷ್ಟೆ. ಬಡಿಸುವಾಗಲೇ ಕೈ ಅಡ್ಡ ಹಿಡಿಯುತ್ತಿದ್ದರು. "ಸಾಕು ಕಣೇ, ಮಿಕ್ಕೀತು." ಮಿಕ್ಕರೆ ದೋಷ, ಅದಕ್ಕೆ ಕಡಿಮೆ ಹಾಕಿಸಿಕೊಳ್ಳುವುದು. ನಾಳೆ ಇನ್ನೂ ಸ್ವಲ್ಪ ಕಡಿಮೆ. ದೊಡ್ಡ ಕಂಚಿನ ತಣಿಗೆಯಲ್ಲಿ ನಾಲ್ಕು ಚಮಚ ಗಂಜಿ ನೋಡಲಾರದೆ ನಾನು ಚಿಕ್ಕ ತಟ್ಟೆ ತಂದೆ. ತಟ್ಟೆಯಲ್ಲೂ ತೀರಾ ತಳ ಕಾಣಿಸತೊಡಗಿದಾಗ ಬಟ್ಟಲು ತಂದೆ. ಬಟ್ಟಲು ತುಂಬಿದ ಹಾಗೆ ಕಾಣುತ್ತಿತ್ತು. ಅವರು ಪ್ರತಿ ಸಲವೂ ಖಾಲಿ ಮಾಡಿ, ತೊಳೆದು ಕುಡಿದು, ಬಟ್ಟಲನ್ನು ಬೋರಲು ಹಾಕುತ್ತಿದ್ದರು. ಅದನ್ನು ನೋಡಿ ನಾನು ದೇವರಿಗೆ ಕೈಮುಗಿಯುತ್ತಿದ್ದೆ.

ಮೂರನೆಯ ವಾರದ ಕೊನೆಗೆ ನಮ್ಮೂರಿನ ಡಾಕ್ಟರು ಮನೆಗೆ ಬಂದರು. ಯಜಮಾನರ ಮುಖ ನೋಡಿದರು, ಅಂಗಿ ನೋಡಿದರು. ಚಿಪ್ಪಿನೊಳಗೆ ಒಣಗಿದ ಕೊಬ್ಬರಿ ಆಡುವ ಹಾಗೆ ಅಂಗಿಯೊಳಗೆ ಮೈ ಆಡುತ್ತಿತ್ತು. ದಿನವೂ ನೋಡುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಊಟ ಹೇಗೆ ಮಾಡ್ತಾರೆ?"

"ಚೆನ್ನಾಗಿ ಮಾಡ್ತಾರೆ. ಒಂದು ಅಗುಳು ಬಿಡಲ್ಲ."

"ಯಾವುದರಲ್ಲಿ ಹಾಕ್ತೀರಿ? ತನ್ನಿ, ನೋಡೋಣ."

ಬಟ್ಟಲು ತಂದೆ. ಡಾಕ್ಟರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು. "ದಿನಕ್ಕೆ ಎಷ್ಟು ಸಲ?"

"ಎರಡು ಸಲ. ಪೂಜೆ ಆದ ಮೇಲೆ."

"ಅಮ್ಮಾ, ಇದರಲ್ಲಿ ಕೂಸಿಗೂ ಹೊಟ್ಟೆ ತುಂಬಲ್ಲ," ಎಂದರು.

ಆ ಮಧ್ಯಾಹ್ನವೇ ಮಂಡಿಯಲ್ಲಿ ತೂಗಿದೆವು. ಬಸಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಜಮಾನರು ತಕ್ಕಡಿಯ ಹಲಗೆಯ ಮೇಲೆ ಕಾಲು ಮಡಚಿ ಕೂತರು. ಹಮಾಲಿ ಆಚೆ ತಟ್ಟೆಗೆ ಒಂದೊಂದೇ ತೂಕದ ಕಲ್ಲು ಇಡುತ್ತಾ ಹೋದ. ಐದನೆಯ ಮಣದ ಕಲ್ಲಿಗೆ ಅವನು ಕೈ ಹಾಕಿದ. ಯಜಮಾನರು, "ಬೇಡ ಕಣೋ, ಚಿಕ್ಕದು ತಗೋ," ಎಂದರು. ಮುಳ್ಳು ನಿಂತಿತು.

ನಾಲ್ಕು ಮಣ, ಎರಡು ಸೇರು.

ಆರು ಸೇರು ಕಡಿಮೆ. ಉಳಿದದ್ದು ಮೂರು ವಾರ. ನಾನು ಕೊಬ್ಬರಿ ಮೂಟೆಯ ಮೇಲೆ ಕೂತುಬಿಟ್ಟೆ. ಗಂಡನನ್ನು ರೋಗ ಕೊಲ್ಲುತ್ತದೆ ಎಂದು ಹೆದರಿಕೊಂಡು ಕೂತವಳು ನಾನೇ ದಿನಾ ಎರಡು ಹೊತ್ತು ಉಪವಾಸ ಬಡಿಸುತ್ತಿದ್ದೆ.

ಡಾಕ್ಟರು ಬೈದರು. ಬೈಸಿಕೊಳ್ಳಬೇಕಾದ್ದೇ. "ಮಂಡಿ ತುಂಬ ಕೊಬ್ಬರಿ ಇಟ್ಕೊಂಡು ಗಂಡನಿಗೆ ನೀರು ಮಜ್ಜಿಗೆ ಕುಡಿಸಿದ್ದೀರಲ್ಲಮ್ಮ!" ಮೂಗಿನಿಂದ ಹೊಟ್ಟೆಗೆ ರಬ್ಬರ್ ಟ್ಯೂಬ್ ಹಾಕಿ, ಹಾಲಿಗೆ ಮೊಟ್ಟೆ ಕದಡಿ ಬಿಡಬಹುದು, ಮೀನೆಣ್ಣೆ ಕೊಡಬಹುದು ಎಂದರು. ಯಜಮಾನರು ಕೈ ಮುಗಿದರು. ಮೊಟ್ಟೆ, ಮೀನು ಎರಡೂ ಆಗದು. ಟ್ಯೂಬ್? "ಬಾಯಿ ಇರೋಗಂಟ ಬಾಯಲ್ಲೇ ಉಣ್ತೀನಿ ಸ್ವಾಮಿ." ಡಾಕ್ಟರು ಒಂದು ವಾರ ಗಡುವು ಕೊಟ್ಟರು. ಎರಡು ಸಲವಲ್ಲ, ದಿನಕ್ಕೆ ಎಂಟು ಸಲ. ತುಪ್ಪ, ಕಾಯಿಹಾಲು, ಗಟ್ಟಿ ಹಾಲು, ಮೊಳಕೆ ಕಟ್ಟಿದ ರಾಗಿಯ ಹಿಟ್ಟು. ತೂಕ ಏರದಿದ್ದರೆ ಟ್ಯೂಬೇ.

ಕಾಯಿ ತುರಿದು ಹಿಂಡಿದೆ. ರಾಗಿ ಮೊಳಕೆ ಕಟ್ಟಿ, ಹುರಿದು, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದೆ. ಯುದ್ಧದ ಕಾಲ, ಸಕ್ಕರೆ ರೇಷನ್ ಚೀಟಿಗೆ ಸಿಕ್ಕಷ್ಟೇ. ಬೆಲ್ಲಕ್ಕೇನೂ ಬರವಿರಲಿಲ್ಲ. ಬಾಣಾವರದಲ್ಲಿರುವ ಮಗಳು ಎರಡು ದಿನಕ್ಕೊಮ್ಮೆ ಪ್ಯಾಸೆಂಜರ್ ಗಾಡಿಯಲ್ಲಿ ಬೆಣ್ಣೆ ಕಳಿಸತೊಡಗಿದಳು. ಎಲ್ಲ ಆಯಿತು. ಆದರೆ ಬಡಿಸಲು ಹೋದರೆ ಮತ್ತೆ ಅದೇ ಅಡ್ಡ ಕೈ.

"ಮಿಕ್ಕೀತು ಕಣೇ."

"ಮಿಗಲಿ."

"ಪ್ರಸಾದ ಬಿಡ್ಲಾ? ಈ ವಯಸ್ಸಲ್ಲಿ?"

ಬಸಕ್ಕ ಮಠಕ್ಕೆ ಹೋಗಿ ಸ್ವಾಮಿಗಳನ್ನೇ ಕೇಳಿಕೊಂಡು ಬರೋಣ ಎಂದರು. ಗಾಡಿ ಕಟ್ಟಿ, ಹೋಗಿ, ಅವರ ದರ್ಶನಕ್ಕೆ ಕಾದು, ಕೇಳಿ ಬರುವಷ್ಟರಲ್ಲಿ ಇನ್ನೆರಡು ಸೇರು ಇಳಿದಿರುತ್ತದೆ ಎಂದು ನನಗೆ ರೇಗಿತು. ಅಟ್ಟದ ಮೇಲಿಟ್ಟಿದ್ದ ಕಂಚಿನ ತಣಿಗೆ ಇಳಿಸಿದೆ. ಅದು ನಮ್ಮ ಮದುವೆಯ ತಣಿಗೆ. ಭೂಮದ ಊಟದ ದಿನ ನಾವಿಬ್ಬರೂ ಅದರಲ್ಲೇ ಉಂಡದ್ದು. ಅದರ ತುಂಬ ರಾಗಿ ಗಂಜಿ ಹುಯ್ದು, ಮೇಲೆ ತುಪ್ಪ ಬಿಟ್ಟು, ಅವರೆದುರು ಕೂತೆ.

"ನೀವು ಆದಷ್ಟು ಉಣ್ಣಿ. ಮಿಕ್ಕಿದ್ದು ನಾನು ಉಣ್ತೀನಿ. ತಣಿಗೆ ತೊಳೆದು ನೀರು ಕುಡಿಯೋದೂ ನಾನೇ. ಒಂದು ಅಗುಳು ಬಿಡಲ್ಲ. ಆಯ್ತಾ?"

ಬಸಕ್ಕ ಹೊಸಲಿನಲ್ಲೇ ನಿಂತರು. "ಆ ರೋಗದ ಎಂಜಲು ತಿಂತೀಯೇನೆ? ಅಂಟಿಕೊಂಡ್ರೆ?"

ಅಂಟುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ನಾನು ಪೂರ್ತಿ ನಂಬಿದ್ದೆ ಎಂದರೆ ಸುಳ್ಳಾಗುತ್ತದೆ. ಮೊದಲ ದಿನ ಆ ಗಂಜಿ ಗಂಟಲಲ್ಲಿ ಇಳಿಯುವಾಗ ನನಗೂ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಬಾಯಲ್ಲಿ, "ಭೂಮದ ದಿನ ತಿಂದಾಗ ಅಂಟಿದ್ದು ಇವತ್ತಿನವರೆಗೂ ಬಿಟ್ಟಿಲ್ಲ ಅಕ್ಕಾ. ಇನ್ನೇನು ಹೊಸದಾಗಿ ಅಂಟೋದು," ಎಂದೆ. ಯಜಮಾನರು ನಕ್ಕರು. ನಕ್ಕದ್ದಕ್ಕೆ ಕೆನ್ನೆ ಉರಿದು ಕಣ್ಣಲ್ಲಿ ನೀರು ಬಂತು. ಆಮೇಲೆ ಚಮಚ ತೆಗೆದುಕೊಂಡರು.

ಆವತ್ತು ಬಟ್ಟಲಿನ ಮೂರರಷ್ಟು ಉಂಡರು.

ಹೀಗೇ ಎಂಟು ಹೊತ್ತು. ಬೆಳಗಿನ ಪೂಜೆಯಲ್ಲಿ ದೊಡ್ಡ ಪಾತ್ರೆಯನ್ನೇ ಲಿಂಗಕ್ಕೆ ತೋರಿಸಿಬಿಡುತ್ತಿದ್ದರು, ದಿನವಿಡೀ ಅದೇ ಪ್ರಸಾದ. ಒಂದು ತುತ್ತು ನುಂಗಿ, ಕಣ್ಣು ಮುಚ್ಚಿ, ಕೈಯಿಂದ ಮಂಡಿಚಿಪ್ಪು ಒತ್ತಿಕೊಂಡು, ಇನ್ನೊಂದು ತುತ್ತು. ನಾನು ಹೆಚ್ಚು ಉಣ್ಣಬೇಕಾಗುತ್ತದೆ ಎಂಬ ಮರುಕಕ್ಕೋ ಏನೋ, ತಾವೇ ಒಂದೆರಡು ತುತ್ತು ಜಾಸ್ತಿ ಇಳಿಸುತ್ತಿದ್ದರು. ಮಿಕ್ಕಿದ್ದು ನನ್ನ ಪಾಲು. ತುಪ್ಪ, ಕಾಯಿಹಾಲು, ಬೆಲ್ಲ, ದಿನಕ್ಕೆ ಎಂಟು ಸಲ. ಎರಡು ವಾರಕ್ಕೆ ನನ್ನ ಕುಪ್ಪಸದ ತೋಳು ಬಿಗಿಯಿತು. "ಹಸುಗೆ ಹಾಕಿದ ಹಿಂಡಿ ಎಮ್ಮೆ ಮೇಯ್ತಾ ಐತೆ," ಎಂದು ಬಸಕ್ಕ ಕುಟುಕಿದರು. ಕುಟುಕುತ್ತಲೇ ಕಾಯಿ ತುರಿದು ಕೊಡುತ್ತಿದ್ದರು.

ವಾರದ ಕೊನೆಗೆ ನಾಲ್ಕು ಮಣ ಮೂರು ಸೇರು. ಏರಿದ್ದು ಒಂದೇ ಸೇರು, ಆದರೂ ಡಾಕ್ಟರು ಟ್ಯೂಬಿನ ಮಾತು ಎತ್ತಲಿಲ್ಲ. ಇನ್ನೊಂದು ವಾರಕ್ಕೆ ನಾಲ್ಕು ಮಣ ಐದು ಸೇರು. ಸಂತೋಷಪಡಲು ಧೈರ್ಯ ಬರುತ್ತಿರಲಿಲ್ಲ. ಒಂದು ದಿನ ವಾಂತಿಯಾದರೆ ಅರ್ಧ ಸೇರು ಹೋಯಿತಲ್ಲಾ ಎಂದು ನೆಲ ಒರೆಸುತ್ತಾ ಅತ್ತಿದ್ದೇನೆ. ಬೆಂಗಳೂರಿಗೆ ಹೊರಡುವ ಹಿಂದಿನ ದಿನ ತೂಗಿದಾಗ ಏಳು ಸೇರು.

ಒಂದು ಸೇರು ಕಡಿಮೆ.

ಆಗ ನನಗೆ ಬಂದ ಬುದ್ಧಿಯನ್ನು ಬಚ್ಚಿಡುವುದಿಲ್ಲ. ಆಸ್ಪತ್ರೆಯಲ್ಲಿ ತೂಗುವ ಮುಂಚೆ ಎರಡು ಚೊಂಬು ನೀರು ಕುಡಿದುಬಿಡಿ ಎಂದೆ. ಅಷ್ಟಕ್ಕೇ ಮುಳ್ಳು ಸರಿಹೋಗುತ್ತದೆ, ಯಾರಿಗೆ ತಿಳಿಯುತ್ತದೆ?

ಅವರು ತಕ್ಕಡಿಯ ಹಲಗೆಯಿಂದ ಇಳಿಯುತ್ತಾ ನನ್ನನ್ನು ನೋಡಿದರು. "ನೀರು ಹೊಡೆದ ಕೊಬ್ಬರಿ ತಕ್ಕಡಿ ದಾಟ್ತದೆ ಕಣೇ. ಆದ್ರೆ ಊರು ಮುಟ್ಟಲ್ಲ. ದಾರೀಲೇ ಬೂಷ್ಟು ಹಿಡೀತದೆ," ಎಂದರು. ಮೂವತ್ತು ವರ್ಷ ತೂಗಿದ ಮನುಷ್ಯ.

ಬೆಂಗಳೂರಿನ ಆಸ್ಪತ್ರೆಯ ತಕ್ಕಡಿ ಬಿಳಿ ಬಣ್ಣದ್ದು. ನರ್ಸ್ ಅದರ ಗುಂಡನ್ನು ಬೆರಳಿಂದ ಸರಿಸುತ್ತಾ ಹೋದಳು. ನಾನು ಗೋಡೆ ಹಿಡಿದುಕೊಂಡೆ.

ನೂರಾ ನಾಲ್ಕು.

ಡಾಕ್ಟರು ಕಾಗದ ನೋಡಿ ತುಟಿ ಬಿಗಿದರು. ನೂರಾ ಐದು ಎಂದಿದ್ದೆನಲ್ಲ ಎಂದರು. ಮಂಡಿಯಲ್ಲಿ ತೂಗಿದಾಗಲೆಲ್ಲ ಚೀಟಿ ಬರೆದು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದೆ. ಗಂಟು ಬಿಚ್ಚಿ ಮೇಜಿನ ಮೇಲಿಟ್ಟೆ. ಎರಡು, ಮೂರು, ಐದು, ಏಳು. ಮಣ ಸೇರುಗಳ ಲೆಕ್ಕವನ್ನು ಯಜಮಾನರು ನಿಧಾನವಾಗಿ ಬಿಡಿಸಿ ಹೇಳಿದರು. ಡಾಕ್ಟರು ಚೀಟಿಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದರು.

"ನೀರು ಗೀರು ಕುಡಿಸಿ ತಂದಿಲ್ಲ ತಾನೆ?"

"ಇಲ್ಲ," ಎಂದೆ. ಮುಖ ಎತ್ತಿ ಹೇಳಿದೆ.

"ಇಳೀತಾ ಬಂದಿರೋ ನೂರಾ ಹತ್ತಕ್ಕಿಂತ ಏರ್ತಾ ಬಂದಿರೋ ನೂರಾ ನಾಲ್ಕೇ ವಾಸಿ. ನಾಳೆಯಿಂದ ಶುರು ಮಾಡೋಣ," ಎಂದರು. ವಾರ್ಡಿಗೆ ಹೋಗುವ ಮೆಟ್ಟಿಲ ಮೇಲೆ ಕೂತು ನಾನು ಮನಸಾರೆ ಅತ್ತೆ.

ಎಕ್ಸ್‌ರೇ ಐದು ವಾರ ನಡೆಯಿತು. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ಶಿವದಾರ ತಾಗಿದರೆ ಗಾಯವಾಗುತ್ತಿತ್ತು, ಲಿಂಗವನ್ನು ತೋಳಿಗೆ ಕಟ್ಟಿಕೊಂಡರು. ಮೂರನೆಯ ವಾರ ನೀರೂ ಇಳಿಯಲಿಲ್ಲ. ನಾವು ಅಷ್ಟು ಹೆದರಿ ತಪ್ಪಿಸಿಕೊಂಡಿದ್ದ ಟ್ಯೂಬ್ ಕೊನೆಗೂ ಬಂತು. ಅವರು ಬೇಡ ಎನ್ನಲಿಲ್ಲ. ಎನ್ನಲು ದನಿಯೂ ಇರಲಿಲ್ಲ. ಮೂಗಿನಿಂದ ಅದನ್ನು ಇಳಿಸುವಾಗ ನನ್ನ ಕೈಯನ್ನು ಹಿಡಿದ ಹಿಡಿತಕ್ಕೆ ಬಳೆ ಒಡೆಯಿತು.

ಮೊದಲ ಸಲ ಗಾಜಿನ ಆಲಿಕೆಗೆ ಸೋಸಿದ ರಾಗಿ ಹಾಲು ಹುಯ್ಯುವಾಗ ಅವರು ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನಾಲಿಗೆ ಮುಟ್ಟದ್ದು ಪ್ರಸಾದ ಹೇಗಾದೀತು ಎಂಬ ಸಂಕಟ ಅವರಿಗಿದೆ ಎಂದು ನನಗೆ ಗೊತ್ತಿತ್ತು. ಹಾಲು ಇಳಿಯಿತು. ನಾನು ಆಲಿಕೆ ಕೆಳಗಿಡಲು ಹೋದೆ. ನರ್ಸ್ ತಡೆದಳು.

"ಆಗಲಿಲ್ಲ ಅಮ್ಮ. ಈಗ ಒಂದು ಲೋಟ ನೀರು ಹಾಕಿ ತೊಳೆಯಬೇಕು. ಒಳಗೆ ಏನೂ ನಿಲ್ಲಬಾರದು. ಆ ನೀರೂ ಹೊಟ್ಟೆಗೇ ಹೋಗಬೇಕು."

ಯಜಮಾನರು ಕಣ್ಣು ತೆರೆದರು. ನನ್ನನ್ನು ನೋಡಿದರು. ಬೆರಳಿನಿಂದ ಗಾಳಿಯಲ್ಲಿ ತಣಿಗೆ ತೊಳೆದ ಹಾಗೆ ಸುತ್ತು ಹಾಕಿ ತೋರಿಸಿದರು. ಅವರ ಮುಖದಲ್ಲಿ ನಗು ಕಂಡು ಎಷ್ಟು ದಿನವಾಗಿತ್ತೋ. ಆಮೇಲೆ ಟ್ಯೂಬಿನ ಬಗ್ಗೆ ಅವರಿಗೆ ಯಾವ ತಕರಾರೂ ಇರಲಿಲ್ಲ. ನೀರು ಹಾಕುವುದನ್ನು ನಾನು ಮರೆತರೆ ಮಾತ್ರ ಮಂಚದ ಕಂಬಿ ತಟ್ಟುತ್ತಿದ್ದರು.

ಮನೆಗೆ ಬಂದು ನಾಲ್ಕು ತಿಂಗಳಾಯಿತು. ಟ್ಯೂಬ್ ತೆಗೆದಿದ್ದಾರೆ. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆ. ಕುತ್ತಿಗೆಯ ಗಂಟು ಕೈಗೆ ಸಿಗುವುದಿಲ್ಲ. ಡಾಕ್ಟರು ವಾಸಿಯಾಯಿತು ಎನ್ನಲಿಲ್ಲ, ಎರಡು ತಿಂಗಳಿಗೊಮ್ಮೆ ಬನ್ನಿ ಎಂದರು. ಮಂಡಿಯಲ್ಲಿ ಬಂದವರಿಗೆ ಎಲೆ ಅಡಿಕೆ ತಟ್ಟೆ ಈಗಲೂ ಇಡುತ್ತಾರೆ, ಹೊಗೆಸೊಪ್ಪಿನ ಡಬ್ಬಿ ಮಾತ್ರ ಇಲ್ಲ. ಪ್ರತಿ ಸೋಮವಾರ ತಕ್ಕಡಿಯಲ್ಲಿ ಕೂರುತ್ತಾರೆ. ಮೊನ್ನೆ ನಾಲ್ಕು ಮಣ ಇಪ್ಪತ್ತು ಸೇರು ಇತ್ತು. ಆದರೂ ಭಾನುವಾರ ಬಂತೆಂದರೆ ನನಗೆ ನಿದ್ದೆ ಹತ್ತುವುದಿಲ್ಲ. ಅದು ಇನ್ನು ನನ್ನ ಜೊತೆಗೇ ಇರುತ್ತದೆ ಎಂದು ಒಪ್ಪಿಕೊಂಡಿದ್ದೇನೆ.

ನಿನ್ನೆ ಮಧ್ಯಾಹ್ನ ಬೆಂದ ಅನ್ನವನ್ನು ಮೆತ್ತಗೆ ಕಿವುಚಿ, ಬೇಳೆ ಕಟ್ಟು, ತುಪ್ಪ ಹಾಕಿ ತಣಿಗೆಯಲ್ಲಿ ಕೊಟ್ಟೆ. ಬಹಳ ಹೊತ್ತು ಉಂಡರು. ನಾನು ಒಲೆಯ ಕಡೆಯಿಂದ ತಿರುಗಿ ನೋಡಿದಾಗ ಕೈ ತೊಳೆಯದೆ ಹಾಗೇ ಕೂತಿದ್ದರು. ತಣಿಗೆಯ ಅಂಚಿನಲ್ಲಿ ಒಂದು ತುತ್ತು ಉಳಿದಿತ್ತು.

ಸೌಟು ಬಿಟ್ಟು ಹತ್ತಿರ ಓಡಿದೆ. "ಯಾಕ್ರೀ? ನುಂಗೋಕೆ ಆಗ್ತಾ ಇಲ್ವಾ? ಉರೀತದಾ?"

"ಆಗ್ತದೆ," ಎಂದರು.

"ಮತ್ತೆ ಇದು?"

ಅವರು ತಣಿಗೆಯನ್ನು ನನ್ನ ಕಡೆ ಸರಿಸಿದರು. "ಇದು ಮಿಕ್ಕಿದ್ದಲ್ಲ ಕಣೇ. ಇಟ್ಟಿದ್ದು."

ಉಂಡೆ. ತಣಿಗೆಗೆ ನೀರು ಹಾಕಿ, ತೊಳೆದು, ಅರ್ಧ ಅವರು ಕುಡಿದರು, ಅರ್ಧ ನಾನು ಕುಡಿದೆ.